ಇಪ್ಪತ್ತಮೂರು ಕಲ್ಲುಗಳು

ಕಲ್ಲು ಕೊಟ್ಟಿದ್ದು ತಾವೇ. ಯಾರೂ ಕಿತ್ತುಕೊಂಡಿರಲಿಲ್ಲ. ಅದನ್ನು ನೆನೆದಾಗಲೆಲ್ಲ ದೊಡ್ಡಕ್ಕನ ಹೊಟ್ಟೆಗೆ ಬೆಂಕಿ ಬೀಳುತ್ತಿತ್ತು. ಕಳ್ಳ ಬಂದು ಕದ್ದಿದ್ದರೆ ಶಾಪ ಹಾಕಬಹುದಿತ್ತು, ಎದೆ ಬಡಿದುಕೊಂಡು ಅಳಬಹುದಿತ್ತು. ಇಲ್ಲಿ ಹೆಗಲು ಕೊಟ್ಟು ಹೊತ್ತು, ಕಳ್ಳನ ಗಾಡಿಗೆ ತುಂಬಿ ಕಳಿಸಿದವರು ತಾವೇ.

ಒಗೆಯುವವರ ಓಣಿಯಲ್ಲಿ ಇಪ್ಪತ್ತಮೂರು ಮನೆ. ಕೆರೆಯ ದಂಡೆಯಲ್ಲಿ ಇಪ್ಪತ್ತಮೂರು ಕಲ್ಲು, ಮನೆಗೊಂದು. ದೊಡ್ಡಕ್ಕನ ಮನೆಯ ಕಲ್ಲಿನ ಮೇಲೆ ಮೊದಲು ಬಟ್ಟೆ ಬಡಿದವಳು ಅವಳ ಅತ್ತೆಯ ಅತ್ತೆ. ಆಮೇಲೆ ಅತ್ತೆ. ಆಮೇಲೆ ಇವಳು. ನಡುವೆ ಬೋಗುಣಿಯಷ್ಟು ತಗ್ಗು ಬಿದ್ದಿತ್ತು. ಆ ಕಪ್ಪು ಕಲ್ಲು ಅಷ್ಟು ಸವೆಯಬೇಕಾದರೆ ಎಷ್ಟು ಹೆಂಗಸರ ರಟ್ಟೆ ಸೋತಿರಬೇಕು ನೀವೇ ಯೋಚಿಸಿ. ಮದುವೆಯಾಗಿ ಬಂದ ಮೂರನೆಯ ದಿನ ಆ ಕಲ್ಲಿನ ಮುಂದೆ ನಿಂತ ದೊಡ್ಡಕ್ಕ ಮೂವತ್ತೆಂಟು ವರ್ಷ ಅಲ್ಲಿಂದ ಕದಲಿರಲಿಲ್ಲ. ಮಗಳನ್ನು ಹೆರುವ ಹಿಂದಿನ ದಿನವೂ ಆಸ್ಪತ್ರೆಯ ಹಾಸಿಗೆ ಬಟ್ಟೆಗಳನ್ನು ಅಲ್ಲೇ ಒಗೆದಿದ್ದಳು. ಅವಳ ಬೆರಳ ಸಂದುಗಳು ಸೋಡಾಕ್ಕೆ ಬೆಂದು ಬಿರಿದು, ವರ್ಷದ ಹನ್ನೆರಡು ತಿಂಗಳೂ ಹಸಿಯಾಗಿರುತ್ತಿದ್ದವು.

ಅವಳ ಗಂಡನನ್ನು ಓಣಿ ಮಸಿಯಣ್ಣ ಎನ್ನುತ್ತಿತ್ತು. ಓಣಿಗೆ ಬರುವ ಪ್ರತಿಯೊಂದು ಬಟ್ಟೆಗೂ ಕತ್ತುಪಟ್ಟಿಯ ಹಿಂದೆ, ಅಂಚಿನ ಒಳಗೆ, ಅಳಿಸದ ಮಸಿಯಲ್ಲಿ ಗುರುತು ಹಾಕುವವನು ಅವನೊಬ್ಬನೇ. ಎರಡು ಚುಕ್ಕೆ ಒಂದು ಗೆರೆ ಎಂದರೆ ಡಾಕ್ಟರ ಮನೆ. ಮೂರು ಅಡ್ಡಗೆರೆ ಎಂದರೆ ಮೂಲೆಯ ಹೋಟೆಲು. ಎಂಟುನೂರು ಮನೆಗಳ ಗುರುತು ಅವನ ತಲೆಯಲ್ಲಿತ್ತು, ಕಾಗದದಲ್ಲಿ ಒಂದೂ ಇರಲಿಲ್ಲ. ಒಂದು ಕರವಸ್ತ್ರವೂ ದಾರಿ ತಪ್ಪಿ ಇನ್ನೊಬ್ಬರ ಮನೆಗೆ ಹೋದದ್ದಿಲ್ಲ. ಬಟ್ಟೆ ಕೊಟ್ಟವರು ಚೀಟಿ ಕೇಳುತ್ತಿರಲಿಲ್ಲ, ಇವನೂ ಕೊಡುತ್ತಿರಲಿಲ್ಲ. ಗುರುತು ಬಿದ್ದ ವಸ್ತು ಗುರುತಿನವರ ಮನೆಗೆ ತಿರುಗಿ ಬಂದೇ ಬರುತ್ತದೆ ಎಂದು ಅವನು ನಂಬಿದ್ದ. ಆ ನಂಬಿಕೆಯೇ ಅವನನ್ನು ತಿಂದಿತು.

ಕೆರೆಯ ಆಚೆ ದಂಡೆಯಲ್ಲಿ ಎತ್ತರದ ಮನೆಗಳು ಎದ್ದು ಹತ್ತು ವರ್ಷವಾಗಿತ್ತು. ಅವುಗಳ ಬುಡದಿಂದ ಒಂದು ದಪ್ಪ ಪೈಪು ಕೆರೆಯ ಕಡೆಗೆ ಬಾಯಿ ತೆರೆದುಕೊಂಡಿತ್ತು. ಅದರಿಂದ ಏನು ಸುರಿಯುತ್ತಿತ್ತು ಎಂದು ಬಿಡಿಸಿ ಹೇಳಬೇಕಿಲ್ಲ. ನೀರು ಕಪ್ಪಾಯಿತು. ಮೀನುಗಳು ಹೊಟ್ಟೆ ಮೇಲಾಗಿ ತೇಲಿದವು. ಕಳೆ ಹಬ್ಬಿ ನೀರೇ ಕಾಣದಾಯಿತು. ಇಷ್ಟು ವರ್ಷ ಆ ನೀರಲ್ಲಿ ಸೊಂಟದವರೆಗೆ ನಿಂತ ಓಣಿಯವರ ಕಾಲಿಗೆ ಕಜ್ಜಿಯಾದಾಗ ಯಾರಿಗೂ ಏನೂ ಅನಿಸಲಿಲ್ಲ. ಆಚೆ ದಂಡೆಯವರ ಮೂಗಿಗೆ ವಾಸನೆ ಹೊಡೆದಾಗ ಮಾತ್ರ ಕೆರೆ ಸಾಯುತ್ತಿದೆ ಎಂದು ಗೊತ್ತಾಯಿತು. ಅವರ ಸಂಘ, ಒಂದು ಕಂಪನಿ, ಒಂದು ಕಾಲೇಜು, ನಗರಸಭೆ ಎಲ್ಲ ಕೂಡಿ ಕೆರೆ ಉಳಿಸುವ ಸಮಿತಿ ಮಾಡಿಕೊಂಡರು. ಅವರ ಕಾಗದದಲ್ಲಿ ‘ಸ್ಥಳೀಯ ಸಮುದಾಯ’ ಎಂಬ ಒಂದು ಸಾಲು ಖಾಲಿ ಉಳಿದಿತ್ತಂತೆ. ಅದನ್ನು ತುಂಬಲು ಓಣಿಗೆ ಬಂದರು.

ಬಂದವರು ಸಮಿತಿಯ ಕಾರ್ಯದರ್ಶಿ. ತಲೆಯ ಮೇಲೆ ಸದಾ ಒಂದು ಹಸಿರು ಟೋಪಿ. ಓಣಿಯವರು ಅವರಿಗೆ ಟೋಪಿಯವರು ಎಂದೇ ಹೆಸರಿಟ್ಟರು. ಆಗ ಅದು ಬರೀ ಟೋಪಿ. ಅದರ ಒಳಮರ್ಮ ತಿಳಿಯಲು ಒಂದು ವರ್ಷ ಬೇಕಾಯಿತು.

“ನೀವೂ ಪಾಲುದಾರರೇ. ಕೆರೆ ನಮ್ಮದು ಮಾತ್ರ ಅಲ್ಲ, ನಿಮ್ಮದೂ ಹೌದು” ಎಂದರು ಟೋಪಿಯವರು.

ನಾಲ್ಕು ತಲೆಮಾರು ಅದೇ ನೀರಲ್ಲಿ ನಿಂತವರಿಗೆ ಕೆರೆ ನಿಮ್ಮದೂ ಹೌದು ಎಂದು ಹತ್ತು ವರ್ಷದ ಹಿಂದೆ ಬಂದವರು ಹೇಳಿದರೆ ನಗಬೇಕೋ ಅಳಬೇಕೋ! ಓಣಿಯ ಹೆಂಗಸರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಮಸಿಯಣ್ಣ ಮಾತ್ರ ನಗಲಿಲ್ಲ. ಸಭೆಯಲ್ಲಿ ಅವನಿಗೊಂದು ಕುರ್ಚಿ ಹಾಕಿದ್ದರು. ಬಟ್ಟೆ ಮುಟ್ಟಿಸಲು ಹೋದ ಮನೆಗಳಲ್ಲಿ ಅವನು ಹೊಸ್ತಿಲಾಚೆ ನಿಂತವನೇ ಹೊರತು ಎಂದೂ ಕೂತವನಲ್ಲ. ಆ ಕುರ್ಚಿಯ ಮೇಲೆ ಅರ್ಧವೇ ಕೂತು, ಕೈ ಮುಗಿದು ಕೇಳಿದ:

“ಆ ಪೈಪು ಮುಚ್ಚಿಸ್ತೀರಾ ಸಾರ್?”

“ಅದೂ ಯೋಜನೆಯಲ್ಲಿದೆ. ಮೊದಲು ಕಳೆ, ಹೂಳು. ನಿಮ್ಮ ಜನ ಕೈ ಹಾಕಿದ್ರೆ ಆಗುತ್ತೆ.”

ಅವನ ಜನ ಕೈ ಹಾಕಿದರು. ಕೈ ಏನು, ಮೈಯನ್ನೇ ಹಾಕಿದರು. ನಾಲ್ಕು ತಿಂಗಳು. ಬೆಳಗ್ಗೆ ಬಟ್ಟೆ ಒಗೆದು ಹರವಿ, ಮಧ್ಯಾಹ್ನ ಕೆಸರಿಗೆ ಇಳಿಯುವುದು. ಕಳೆಯ ಬೇರು ತೊಡೆಗೆ ಸುತ್ತಿಕೊಳ್ಳುತ್ತಿತ್ತು. ಬುಟ್ಟಿ ತಲೆಗೇರಿಸಿದರೆ ಕೊಳಕು ನೀರು ಕಣ್ಣಿಗೆ, ಬಾಯಿಗೆ, ಎದೆಗೆ ಇಳಿಯುತ್ತಿತ್ತು. ಹೂಳಿನಲ್ಲಿ ಗಾಜು, ಸೂಜಿ, ಸತ್ತ ನಾಯಿ ಎಲ್ಲ ಇತ್ತು. ಭಾನುವಾರ ಮಾತ್ರ ಆಚೆ ದಂಡೆಯವರು ಕೈಗವಸು, ಮೊಣಕಾಲುದ್ದದ ಬೂಟು ಹಾಕಿಕೊಂಡು ಬಂದು ಒಂದು ಗಂಟೆ ದಡದಲ್ಲಿ ಪ್ಲಾಸ್ಟಿಕ್ ಹೆಕ್ಕಿ, ಫೋಟೊ ತೆಗೆಸಿಕೊಂಡು ಹೋಗುತ್ತಿದ್ದರು. ಒಮ್ಮೆ ಓಣಿಯ ಹೆಂಗಸರಿಗೂ ಕೈಗವಸು ಕೊಟ್ಟರು. ಫೋಟೊ ಮುಗಿದ ಮೇಲೆ ಎಣಿಸಿ ವಾಪಸು ಪಡೆದರು.

ಕೊನೆಗೆ ದಂಡೆ ಕಟ್ಟುವ ಮಾತು ಬಂತು. ಕಲ್ಲುಗಳನ್ನೆಲ್ಲ ತೆಗೆದು ಕೊಡಿ, ಕೆಲಸ ಮುಗಿದ ಮೇಲೆ ಎಲ್ಲಿದ್ದವೋ ಅಲ್ಲೇ ಕೂರಿಸಿ ಕೊಡುತ್ತೇವೆ ಎಂದರು ಟೋಪಿಯವರು.

“ಒಂದು ಚೀಟಿ ಬರೆಸ್ಕೊಂಡು ಕೊಡಿ” ಎಂದಳು ದೊಡ್ಡಕ್ಕ.

ಮಸಿಯಣ್ಣ ನಕ್ಕ. “ನಮಗೆ ಬಟ್ಟೆ ಕೊಡೋರು ಚೀಟಿ ಕೇಳ್ತಾರೇನೇ? ನಾವು ಪಾಲುದಾರರು, ನಾವೇ ಚೀಟಿ ಕೇಳಿದ್ರೆ ಏನು ಚೆಂದ? ಗುರುತು ಹಾಕಿ ಕೊಡ್ತೀನಿ, ಸುಮ್ನಿರು. ಎಲ್ಲಿಗೆ ಹೋಗುತ್ತೆ ಕಲ್ಲು?”

ದೊಡ್ಡಕ್ಕನಿಗೂ ಅದು ಸರಿ ಎನಿಸಿತು. ಅವಳೂ ಒಗೆಯುವವಳೇ ತಾನೆ! ಮೂರು ದಿನ ಮಸಿಯಣ್ಣ ಉಳಿ ಸುತ್ತಿಗೆ ಹಿಡಿದು ಕೂತು ಇಪ್ಪತ್ತಮೂರು ಕಲ್ಲಿಗೂ ಗುರುತು ಕೆತ್ತಿದ. ಗಂಡಸರು ಗಳ ಹಾಕಿ, ನಾಲ್ಕು ನಾಲ್ಕು ಜನ ಹೊತ್ತು ಗಾಡಿಗೆ ಏರಿಸಿದರು. ತನ್ನ ಮನೆಯ ಕಲ್ಲನ್ನು ಕಟ್ಟಕಡೆಗೆ ಎತ್ತಿಸಿದ. ಕೆಸರಲ್ಲಿ ನಿಂತು ಕೆಳಗಿನಿಂದ ಒತ್ತುಕೊಡುವಾಗ ಒಡೆದ ಔಷಧಿ ಬಾಟಲಿಯೊಂದು ಅವನ ಬಲಗಾಲ ಹಿಮ್ಮಡಿಯೊಳಗೆ ಇಳಿಯಿತು. ಬಟ್ಟೆ ಕಟ್ಟಿಕೊಂಡು ಕುಂಟುತ್ತಲೇ ಗಾಡಿಯ ಹಿಂದೆ ತಿರುವಿನವರೆಗೆ ಹೋಗಿ ಬಂದ.

ಒಂಬತ್ತು ತಿಂಗಳ ಮೇಲೆ ಕೆರೆಯ ಗೇಟು ತೆರೆಯಿತು. ಕೆರೆಗೆ ಗೇಟು! ಸುತ್ತ ಬೇಲಿ, ಒಳಗೆ ನಡೆಯುವ ದಾರಿ, ಹೂವಿನ ಗಿಡ. ಗೇಟಿನ ಪಕ್ಕ ದೊಡ್ಡ ಬೋರ್ಡು. ಬಟ್ಟೆ ಒಗೆಯುವುದು, ಉಗುಳುವುದು, ಮೂತ್ರ ಮಾಡುವುದು ನಿಷೇಧ. ಅವರ ಬದುಕನ್ನು ಉಗುಳುವುದರ ಪಕ್ಕದಲ್ಲಿ ಬರೆದಿದ್ದರು. ಕೆಳಗೆ ಪಾಲುದಾರರ ಹೆಸರು. ಕೊನೆಯ ಸಾಲಿನಲ್ಲಿ ‘ಸ್ಥಳೀಯ ಸಮುದಾಯ’. ಆಚೆ ದಂಡೆಯ ಪೈಪು ಹಾಗೇ ಇತ್ತು. ಅದಕ್ಕೆ ಹಸಿರು ಬಣ್ಣ ಬಳಿದು, ಸುತ್ತ ಬಳ್ಳಿ ಹಬ್ಬಿಸಿದ್ದರು.

ಕಲ್ಲುಗಳೂ ಇದ್ದವು. ಒಂದೊಂದಕ್ಕೂ ಎರಡೆರಡು ಕಬ್ಬಿಣದ ಕಾಲು ಕೊಟ್ಟು, ನಡೆಯುವ ದಾರಿಯ ಉದ್ದಕ್ಕೂ ಕೂರುವ ಬೆಂಚು ಮಾಡಿದ್ದರು. ಮೇಲೆ ಕಂಪನಿಯ ಹೆಸರಿನ ಹಿತ್ತಾಳೆ ಪಟ್ಟಿ. ಮೊದಲನೆಯ ಬೆಂಚಿನ ಪಕ್ಕ ಒಂದು ಫಲಕ. ಮಸಿಯಣ್ಣ ಕುಂಟುತ್ತಾ ಹೋಗಿ ಅದನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದ: ‘ಈ ಕಲ್ಲುಗಳ ಮೇಲೆ ಪುರಾತನ ಚಿಹ್ನೆಗಳಿವೆ. ಇವುಗಳ ಅರ್ಥ ಇನ್ನೂ ತಿಳಿದುಬಂದಿಲ್ಲ.’

“ನನ್ನ ಕೇಳಬಹುದಿತ್ತಲ್ಲೇ” ಎಂದ ಹೆಂಡತಿಗೆ. “ನಾನು ಇಲ್ಲೇ ಇದ್ದೆ. ಕೇಳಿದ್ರೆ ಹೇಳ್ತಿದ್ದೆ.”

ಅಲ್ಲಿಂದ ಮುಂದೆ ಪ್ರತಿ ಸೋಮವಾರ ಸಮಿತಿಯ ಕಚೇರಿಗೆ ಹೋದ. ಮುಂದಿನ ಮೀಟಿಂಗ್‌ನಲ್ಲಿ ಇಡ್ತೀವಿ ಎಂದರು. ಮುಂದಿನ ಮೀಟಿಂಗ್ ಆಯಿತು, ಅದರ ಮುಂದಿನದೂ ಆಯಿತು. ಚೀಟಿ ಇದೆಯಾ ಎಂದು ಕೇಳಿದರು. ಕೈಗೆ ನೀರಿಲ್ಲದ ಓಣಿಯವರು ಬೀದಿ ನಲ್ಲಿಯ ಕೆಳಗೆ ಬಕೆಟ್ಟು ಇಟ್ಟು ಜಗಳವಾಡಿದರು. ಆರು ಮನೆಯವರು ಕಸುಬು ಬಿಟ್ಟು ಮಷೀನಿನ ಲಾಂಡ್ರಿಗಳಲ್ಲಿ ನೆಲ ಒರೆಸಲು ಹೋದರು. ಮಸಿಯಣ್ಣನಿಗೆ ಎದುರು ಸಿಕ್ಕವರು ಮುಖ ತಿರುಗಿಸಿದರು. “ಕುರ್ಚಿ ಸಿಕ್ತಲ್ಲ ನಿನಗೆ, ಸಾಕಲ್ವಾ?” ಎಂದು ಅವನ ತಮ್ಮನೇ ಬೀದಿಯಲ್ಲಿ ನಿಂತು ಕೇಳಿದ. ಆ ಮಾತಿನ ಮೇಲೆ ಮಸಿಯಣ್ಣ ಮನೆಯಿಂದ ಹೊರಗೆ ಬರಲಿಲ್ಲ. ಹಿಮ್ಮಡಿಯ ಗಾಯ ಮುಚ್ಚಿರಲಿಲ್ಲ. ಅದು ಕೀವಾಯಿತು, ಮೀನಖಂಡದವರೆಗೆ ಕಪ್ಪೇರಿತು. ಆಸ್ಪತ್ರೆಯವರು ಕಾಲು ತೆಗೆಯಬೇಕು ಎಂದರು. ತೆಗೆದು ಮನೆಗೆ ಕಳಿಸಿದರು. ಆದರೂ ನಂಜು ಮೈಗೆಲ್ಲ ಏರಿ, ಹದಿನೇಳನೆಯ ದಿನ ಅವನು ಮನೆಯ ದಪ್ಪ ದುಪ್ಪಟಿಯ ಮೇಲೆ ಕಣ್ಣು ಮುಚ್ಚಿದ.

ಇದರ ನಡುವೆ ಮಗಳ ಕೆಲಸದ ಮಾತು ಹೇಳಬೇಕು. ಅದು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ದೊಡ್ಡಕ್ಕನಿಗೆ ಒಬ್ಬಳೇ ಮಗಳು. ಗಂಡ ಬಿಟ್ಟು ಹೋದ ಮೇಲೆ ಐದು ವರ್ಷದ ಕೂಸಿನೊಂದಿಗೆ ತವರಿಗೆ ಬಂದಿದ್ದಳು. ಕೆರೆಗೆ ಕಾವಲಿನವರು ಬೇಕು ಎಂದಾಗ ಅರ್ಜಿ ಹಾಕಿದಳು. ಸಮಿತಿಯ ಕಟ್ಟಪ್ಪಣೆ ಏನೆಂದರೆ, ಒಗೆಯುವವರ ಓಣಿಯವರನ್ನು ಕಾವಲಿಗೆ ತೆಗೆದುಕೊಳ್ಳಬಾರದು. ತಮ್ಮವರನ್ನು ಒಳಗೆ ಬಿಟ್ಟುಬಿಡುತ್ತಾರೆ. ಪಾಲುದಾರರ ಮೇಲಿನ ವಿಶ್ವಾಸ ಅಷ್ಟು! ಮಗಳು ಗೆಳತಿಯ ಮನೆಯ ವಿಳಾಸ ಕೊಟ್ಟು ಕೆಲಸ ಹಿಡಿದಳು. ನೀಲಿ ಅಂಗಿ, ಕತ್ತಿನಲ್ಲಿ ಸೀಟಿ. ಯಾರಾದರೂ ನೀರಿಗೆ ಇಳಿದರೆ ಊದಬೇಕು. ಮನೆಯೊಳಗೆ ಬರುವ ಅನ್ನ ಈಗ ಆ ಸೀಟಿಯಿಂದಲೇ ಬರುತ್ತಿತ್ತು. ಓಣಿಗೆಲ್ಲ ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ. ಮಸಿಯಣ್ಣನಿಗೆ ಮುಖ ತಿರುಗಿಸಿದವರೂ ಆ ಗುಟ್ಟನ್ನು ಕಾಪಾಡಿದರು.

ಅಪ್ಪ ಸತ್ತ ದಿನ ಅವಳು ಪಕ್ಕದ ಮನೆಯ ಅಜ್ಜ ಹೋದರು ಎಂದು ರಜೆ ಕೇಳಿದಳು. ಪಕ್ಕದ ಮನೆಯವರಿಗೆ ಒಂದು ದಿನ ಸಾಕು ಎಂದರು. ಮರುದಿನ ಬೆಳಗ್ಗೆ ಆರಕ್ಕೆ ನೀಲಿ ಅಂಗಿ ಹಾಕಿಕೊಂಡು ಅಪ್ಪ ಕೆತ್ತಿದ ಗುರುತುಗಳ ನಡುವೆ ಓಡಾಡಿದಳು. ಅಳು ಬಂದರೆ ಪೈಪಿನ ಕಡೆಗೆ ಹೋಗುತ್ತಿದ್ದಳು. ಅಲ್ಲಿ ಎಲ್ಲರೂ ಮೂಗು, ಕಣ್ಣು ಒರೆಸಿಕೊಳ್ಳುತ್ತಿದ್ದರಿಂದ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ದುಪ್ಪಟಿ ಹಾಗೇ ಉಳಿಯಿತು. ಕೀವು, ರಕ್ತ, ಮೂತ್ರ ಎಲ್ಲ ಒಣಗಿ ಗಡುಸಾಗಿತ್ತು. ಎಂಟುನೂರು ಮನೆಯ ಕೊಳೆ ತೆಗೆದವಳಿಗೆ ತನ್ನ ಗಂಡನ ದುಪ್ಪಟಿ ಒಗೆಯಲು ಜಾಗವಿರಲಿಲ್ಲ. ಅದು ಬಕೆಟ್ಟಿನಲ್ಲಿ ಒಗೆಯುವ ಬಟ್ಟೆಯಲ್ಲ. ಬೀದಿ ನಲ್ಲಿಯಲ್ಲಿ, ನೂರು ಜನರ ಕುಡಿಯುವ ನೀರಿನ ಕೊಡಗಳ ನಡುವೆ, ಅವನ ಕೀವು ತೊಳೆಯಲು ಅವಳಿಗೆ ಮನಸ್ಸಾಗಲಿಲ್ಲ. ಗಂಟು ಕಟ್ಟಿ ಮೂಲೆಯಲ್ಲಿಟ್ಟಳು. ಹನ್ನೊಂದು ದಿನ ಆ ಗಂಟನ್ನು ನೋಡುತ್ತ ಕೂತಳು.

ಹನ್ನೆರಡನೆಯ ದಿನ ಟೋಪಿಯವರು ಮನೆ ಬಾಗಿಲಿಗೆ ಬಂದರು. ಮಗಳು ಕೆಲಸದಲ್ಲಿದ್ದದ್ದು ಪುಣ್ಯ. ವಾಸನೆಗೆ ಒಳಗೆ ಬರಲಿಲ್ಲ, ಹೊಸ್ತಿಲಲ್ಲೇ ನಿಂತರು.

“ತುಂಬಾ ಬೇಜಾರಾಯ್ತಮ್ಮಾ. ಒಳ್ಳೆ ಮನುಷ್ಯ. ನೋಡಿ, ನಮ್ಮ ಕೆರೆ ಒಂದು ದೊಡ್ಡ ಪ್ರಶಸ್ತಿಗೆ ಹೋಗಿದೆ. ನಾಳೆ ತೀರ್ಪುಗಾರರು ಬರ್ತಾರೆ. ಸ್ಥಳೀಯ ಸಮುದಾಯದ ಪರವಾಗಿ ನೀವು ಬಂದು ನಾಲ್ಕು ಮಾತಾಡಬೇಕು. ನಿಮ್ಮ ಯಜಮಾನರ ಹೆಸರಲ್ಲಿ ಒಂದು ಪ್ರಶಂಸಾ ಪತ್ರ ಕೊಡ್ತೀವಿ, ಗಾಜು ಹಾಕಿಸಿದೀವಿ.” ಒಂದು ಕಾಗದ ಮುಂದೆ ಚಾಚಿದರು. “ಇದನ್ನ ಓದಿದ್ರೆ ಸಾಕು. ನಮ್ಮ ಹುಡುಗರೇ ಬರೆದಿದಾರೆ.”

“ಕಲ್ಲು?” ಎಂದಳು ದೊಡ್ಡಕ್ಕ.

“ಪ್ರಶಸ್ತಿ ಬರಲಿ. ಆಮೇಲೆ ಮೀಟಿಂಗ್‌ನಲ್ಲಿ ಇಡೋಣ.”

ಅವಳು ಕಾಗದ ತೆಗೆದುಕೊಂಡಳು. ಬರುತ್ತೇನೆ ಎಂದಳು. ಟೋಪಿಯವರು ನೆಮ್ಮದಿಯಿಂದ ಹೋದರು.

ಸಂಜೆ ಮಗಳು ಕಾಗದ ಓದಿ ಹೇಳಿದಳು. ‘ನಾವು ಕೆರೆಯನ್ನು ಉಳಿಸಿದೆವು, ಕೆರೆ ನಮ್ಮನ್ನು ಉಳಿಸಿತು’ ಎಂದಿತ್ತು. ದೊಡ್ಡಕ್ಕ ಇನ್ನೊಂದು ಸಲ ಓದು ಎಂದಳು. ಓದಿದಳು. ಇನ್ನೊಂದು ಸಲ ಎಂದಳು.

“ಅಮ್ಮಾ, ಬೇಡ. ನಿನ್ನ ಮುಖ ನೋಡಿದ್ರೆ ಭಯ ಆಗುತ್ತೆ. ಇದನ್ನ ಹಾಗೇ ಹೇಳಿ ಬಂದ್ಬಿಡು. ನಾಳೆ ನನಗೂ ಅಲ್ಲೇ ಡ್ಯೂಟಿ ಹಾಕಿದಾರೆ. ಏನಾದ್ರೂ ಆಗಿ ನಾನ್ಯಾರು ಅಂತ ಗೊತ್ತಾದ್ರೆ ಕೂಸಿನ ಬಾಯಿಗೆ ಮಣ್ಣು.”

“ಗೊತ್ತಾಗಲ್ಲ ಬಿಡು” ಎಂದಳು ದೊಡ್ಡಕ್ಕ.

ಮರುದಿನ ಹತ್ತು ಗಂಟೆಗೆ ಶಾಮಿಯಾನದ ಕೆಳಗೆ ಕುರ್ಚಿಗಳಿದ್ದವು. ತೀರ್ಪುಗಾರರು ಮೂವರು. ಇಬ್ಬರು ಗಂಡಸರು ಗಡಿಯಾರ ನೋಡಿಕೊಳ್ಳುತ್ತಿದ್ದರು. ಒಬ್ಬ ವಯಸ್ಸಾದ ಹೆಂಗಸು ದಪ್ಪ ಕನ್ನಡಕದೊಳಗಿನಿಂದ ಎಲ್ಲವನ್ನೂ ನಿಧಾನವಾಗಿ ನೋಡುತ್ತಿದ್ದರು. ದೊಡ್ಡಕ್ಕ ಗಂಟನ್ನು ಹೊತ್ತುಕೊಂಡೇ ಬಂದಳು. ಗೇಟಿನಲ್ಲಿ ಮಗಳು ನಿಂತಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಗಂಟು ಏನು ಎಂದು ಇನ್ನೊಬ್ಬ ಕಾವಲಿನವನು ಕೇಳಿದ. ಒಗೆಯುವವಳ ಹತ್ತಿರ ಗಂಟಲ್ಲದೆ ಇನ್ನೇನಿರುತ್ತೆ ಎಂದಳು.

ಅವಳ ಸರದಿ ಬಂತು. ಮೈಕು ಕೈಗೆ ಕೊಟ್ಟರು. ಟೋಪಿಯವರು ಕಾಗದ ತೆಗಿ ಎಂದು ಸನ್ನೆ ಮಾಡಿದರು. ಅವಳು ತೆಗೆಯಲಿಲ್ಲ.

“ನನ್ನ ಗಂಡ ಸತ್ತು ಹದಿಮೂರು ದಿನ ಆಯ್ತು” ಎಂದಳು. “ಈ ಕೆರೆ ಕೆಸರಲ್ಲಿ ಕಾಲು ಕೊಯ್ದುಕೊಂಡ. ಕಾಲು ಹೋಯ್ತು, ಆಮೇಲೆ ಜೀವ ಹೋಯ್ತು. ಕೆರೆ ನಮ್ಮನ್ನ ಉಳಿಸಿತು ಅಂತ ಇವರು ಕೊಟ್ಟ ಕಾಗದದಲ್ಲಿ ಬರೆದಿದಾರೆ. ಯಾರನ್ನ ಉಳಿಸಿತು? ನಾನು ಸುಳ್ಳು ಓದೋಕೆ ಬಂದಿಲ್ಲ.”

ಚಪ್ಪಾಳೆ ತಟ್ಟಲು ಸಿದ್ಧವಾಗಿದ್ದ ಕೈಗಳು ಹಾಗೇ ನಿಂತವು. ದೊಡ್ಡಕ್ಕ ಮೈಕು ಕುರ್ಚಿಯ ಮೇಲಿಟ್ಟು ಬೆಂಚುಗಳ ಕಡೆಗೆ ನಡೆದಳು. ಕನ್ನಡಕದ ಹೆಂಗಸು ಎದ್ದು ಹಿಂದೆ ಬಂದರು. ಅವರ ಹಿಂದೆ ಉಳಿದವರೂ ಬರಲೇಬೇಕಾಯಿತು.

“ಇವುಗಳ ಅರ್ಥ ತಿಳಿದಿಲ್ಲ ಅಂತ ಬರೆದಿದಾರೆ ಅಮ್ಮಾ. ನಾನು ಹೇಳ್ತೀನಿ ಕೇಳಿ. ಈ ಅರ್ಧಚಂದ್ರ ಮೂಲೆ ಮನೆ ಸೋದರತ್ತೆದು. ಈ ಮೂರು ಚುಕ್ಕೆ ನನ್ನ ಮೈದುನಂದು. ಇದು ಕುಂಟ ಚಿಕ್ಕಪ್ಪಂದು, ಅವನೀಗ ಲಾಂಡ್ರಿ ಕಕ್ಕಸು ತೊಳೀತಾನೆ. ಇದ್ಯಾವುದೂ ಪುರಾತನ ಅಲ್ಲ. ನನ್ನ ಗಂಡ ಹೋದ ವರ್ಷ ಕೆತ್ತಿದ್ದು. ವಾಪಸ್ ಕೊಡೋವಾಗ ಅದಲುಬದಲು ಆಗ್ಬಾರ್ದು ಅಂತ ಕೆತ್ತಿದ. ಅಷ್ಟು ನಂಬಿದ್ದ ಇವರನ್ನ.”

“ದುಃಖದಲ್ಲಿದ್ದಾರೆ, ತಪ್ಪು ತಿಳ್ಕೋಬೇಡಿ” ಎಂದು ಟೋಪಿಯವರು ನಗಲು ನೋಡಿದರು.

ಅಷ್ಟರಲ್ಲಿ ದೊಡ್ಡಕ್ಕ ಗಂಟು ಬಿಚ್ಚಿದ್ದಳು. ವಾಸನೆಗೆ ಗಂಡಸರಿಬ್ಬರೂ ಮೂಗು ಮುಚ್ಚಿಕೊಂಡರು. ಅವಳು ಹೊಸ ಮೆಟ್ಟಿಲು ಇಳಿದು ದುಪ್ಪಟಿಯನ್ನು ನೀರಲ್ಲಿ ಮುಳುಗಿಸಿದಳು. ಕೆಂಪು ನೀರು ಬಿಟ್ಟುಕೊಂಡಿತು. ನೆನೆದು ಭಾರವಾದ ದುಪ್ಪಟಿಯನ್ನು ಹೆಗಲಿಗೆ ಹಾಕಿಕೊಂಡು ಮೇಲೆ ಬಂದಳು. ತನ್ನ ಕಲ್ಲು ಯಾವುದೆಂದು ಗುರುತು ನೋಡಬೇಕಾಗಲಿಲ್ಲ. ಅಂಗೈಗೆ ತಗ್ಗು ಗೊತ್ತಿತ್ತು. ಸೋಪು ತಿಕ್ಕಿ, ಮೊದಲ ಏಟು ಬಡಿದಳು. ಹಿತ್ತಾಳೆ ಪಟ್ಟಿ ಅಲ್ಲಾಡಿತು. ಎರಡನೆಯದು. ಮೂರನೆಯದು. ಒಂದು ವರ್ಷದಿಂದ ಆ ದಂಡೆಯಲ್ಲಿ ಇಲ್ಲದ ಸದ್ದು ಅದು.

“ಗಾರ್ಡ್!” ಟೋಪಿಯವರು ಕಿರುಚಿದರು. “ಏನು ನೋಡ್ತಾ ನಿಂತಿದ್ದೀಯ? ಸೀಟಿ ಊದು! ಎಳ್ಕೊಂಡು ಹೋಗು ಇವಳನ್ನ!”

ಮಗಳು ಓಡಿ ಬಂದಳು. ಸೀಟಿ ತುಟಿಗೆ ಹೋಯಿತು, ಸದ್ದು ಬರಲಿಲ್ಲ. ಆ ಕಲೆಗಳು ಅವಳಿಗೂ ಗೊತ್ತಿದ್ದವು. ಆ ಕಾಲನ್ನು ಒರೆಸಿದ್ದು ಅವಳೂ ಹೌದು. ಕಣ್ಣಿಂದ ನೀರು ತನ್ನಷ್ಟಕ್ಕೆ ಇಳಿಯಿತು.

ಕನ್ನಡಕದ ಹೆಂಗಸು ಅವಳ ಭುಜ ಮುಟ್ಟಿದರು. ಒಳ್ಳೆಯವರು. ಕರುಣೆಯಿಂದಲೇ ಕೇಳಿದರು. “ಯಾಕಮ್ಮಾ ಅಳ್ತಿದ್ದೀಯ? ಇವರು ನಿನಗೆ ಬೇಕಾದವರಾ?”

ಟೋಪಿಯವರ ಕತ್ತು ಸರಕ್ಕನೆ ತಿರುಗಿತು. ಮಗಳ ಮುಖ ನೋಡಿದರು, ದೊಡ್ಡಕ್ಕನ ಮುಖ ನೋಡಿದರು. ಅದೇ ಹಣೆ, ಅದೇ ಗಲ್ಲ. ಮಗಳ ಬಾಯಿ ತೆರೆಯಿತು. ಇನ್ನೇನು ಅಮ್ಮ ಎಂದುಬಿಡುತ್ತಾಳೆ.

ದೊಡ್ಡಕ್ಕ ಮುಂಚೆಯೇ ಹೇಳಿದಳು. “ನಾನ್ಯಾಕೆ ಬೇಕಾದವಳಾಗ್ತೀನಿ? ಈ ಹುಡುಗಿ ಯಾರೋ, ನಾನ್ಯಾರೋ. ಸೋಪಿನ ನೀರು ಕಣ್ಣಿಗೆ ಹಾರಿರುತ್ತೆ.”

ಹೆತ್ತವಳ ಬಾಯಲ್ಲಿ ಬರಬಾರದ ಮಾತು. ಸುಳ್ಳು ಓದುವುದಿಲ್ಲ ಎಂದು ಮೈಕಿನಲ್ಲಿ ಹೇಳಿ ಕಾಲು ಗಂಟೆಯೂ ಆಗಿರಲಿಲ್ಲ. ಗಂಡ ಸತ್ತಾಗ ಆಗದಿದ್ದ ಸಂಕಟ ಈಗ ಎದೆಯಲ್ಲಿ ಕಿತ್ತುಕೊಂಡು ಬಂತು. ಆದರೂ ಮಗಳನ್ನು ನೆಟ್ಟಗೆ ನೋಡಿ ಹೇಳಿದಳು:

“ಊದಮ್ಮಾ. ನಿನ್ನ ಕೆಲಸ ನೀನು ಮಾಡು. ನನ್ನ ಕೆಲಸ ನಾನು ಮಾಡ್ತೀನಿ.”

ಮಗಳು ಊದಿದಳು. ಉಸಿರು ತುಂಡು ತುಂಡಾಗಿ ಬರುತ್ತಿತ್ತು, ಸೀಟಿಯೂ ತುಂಡು ತುಂಡಾಗಿ ಕೂಗಿತು. ದೊಡ್ಡಕ್ಕ ಬಡಿದಳು. ಇವಳು ಬಡಿಯುವುದು, ಅವಳು ಊದುವುದು. ನೂರು ಜನ ನಿಂತು ನೋಡಿದರು. ಕಾವಲಿನ ಇನ್ನೊಬ್ಬ ಹತ್ತಿರ ಬಂದವನು ದುಪ್ಪಟಿಯ ಏಟಿಗೆ ಹೆದರಿ ಹಿಂದೆ ಸರಿದ. ಕಲೆ ಹೋಗುವವರೆಗೆ ಅವಳು ನಿಲ್ಲಿಸಲಿಲ್ಲ. ಮತ್ತೆ ಮೆಟ್ಟಿಲಿಳಿದು ಜಾಲಿಸಿ ತಂದಳು.

ಆಮೇಲೆ ಹಿಂಡಬೇಕು. ಅಂಥ ದುಪ್ಪಟಿಯನ್ನು ಒಬ್ಬರೇ ಹಿಂಡಲಾಗುವುದಿಲ್ಲ. ಆ ತುದಿಯಲ್ಲೊಬ್ಬರು ಈ ತುದಿಯಲ್ಲೊಬ್ಬರು ನಿಂತು, ಒಬ್ಬರು ಎಡಕ್ಕೆ ಒಬ್ಬರು ಬಲಕ್ಕೆ ತಿರುಚಬೇಕು. ಮೂವತ್ತೆಂಟು ವರ್ಷದ ಅಭ್ಯಾಸ. ದೊಡ್ಡಕ್ಕ ಒಂದು ತುದಿ ಹಿಡಿದು, ಇನ್ನೊಂದನ್ನು ಮುಂದಕ್ಕೆ ಚಾಚಿ, “ಹಿಡ್ಕೊಳ್ಳಿ” ಎಂದಳು.

ಹಿಡಿದುಕೊಳ್ಳುವವನು ಅಲ್ಲಿರಲಿಲ್ಲ.

ಚಾಚಿದ ಕೈ ಹಾಗೇ ಇತ್ತು. ಎರಡು ಮಾರು ದೂರದಲ್ಲಿ ಮಗಳು. ಅವಳ ಕೈ ಮೇಲೆದ್ದಿತು, ಅರ್ಧದವರೆಗೆ ಬಂತು. ಟೋಪಿಯವರು ಅವಳನ್ನೇ ನೋಡುತ್ತಿದ್ದರು. ಕೈ ಕೆಳಗಿಳಿಯಿತು. ದೊಡ್ಡಕ್ಕ ಅದನ್ನು ನೋಡಿದಳು. ಅವಳಿಗೆ ಕೋಪ ಬರಲಿಲ್ಲ. ಕೈ ಇಳಿಸಿದ್ದೇ ಸರಿ ಎನಿಸಿತು, ಸರಿ ಎನಿಸಿದ್ದಕ್ಕೇ ಕರುಳು ಹಿಂಡಿತು.

ಹಿಂಡದ ದುಪ್ಪಟಿಯನ್ನು ಹಾಗೇ ಹೆಗಲಿಗೆ ಹಾಕಿಕೊಂಡಳು. ಗಾಜು ಹಾಕಿಸಿದ ಪತ್ರ ಮೇಜಿನ ಮೇಲೆಯೇ ಉಳಿಯಿತು. ನೀರು ಧಾರೆಯಾಗಿ ಸುರಿದು ಬೆನ್ನು, ತೊಡೆ, ಕಾಲು ತೋಯಿಸಿತು. ಅವರ ಒಣ ದಾರಿಯ ಉದ್ದಕ್ಕೂ ಒದ್ದೆ ಮಾಡುತ್ತ ಗೇಟು ದಾಟಿದಳು. ಓಣಿ ಸೇರಿದಳು. ಮೈದುನ ಎದ್ದು ಬಂದು ಹಗ್ಗ ಕಟ್ಟಿಕೊಟ್ಟ.

ಸಂಜೆ ಆರಕ್ಕೆ ಮಗಳು ಬಂದಳು. ನೀಲಿ ಅಂಗಿ ಇನ್ನೂ ಮೈಮೇಲಿತ್ತು. ಕೆಲಸ ಹೋಗಿರಲಿಲ್ಲ. ಸರಿಯಾಗಿ ಊದಿದೆ ಎಂದು ಟೋಪಿಯವರು ಹೇಳಿದರಂತೆ. ಅಷ್ಟು ಹೇಳಿ, ಹಗ್ಗದಲ್ಲಿ ನೀರು ಸುರಿಸುತ್ತ ತೂಗುತ್ತಿದ್ದ ದುಪ್ಪಟಿಯನ್ನು ಎಳೆದು ಇಳಿಸಿದಳು. ಒಂದು ತುದಿ ತಾನು ಹಿಡಿದು, ಇನ್ನೊಂದನ್ನು ಅಮ್ಮನಿಗೆ ಚಾಚಿದಳು.

“ಅಮ್ಮಾ, ಅಲ್ಲಿ ನಾನು...”

“ಏನೂ ಹೇಳ್ಬೇಡ. ಹಿಡ್ಕೊ. ನೀನು ಎಡಕ್ಕೆ.”

ಇಬ್ಬರೂ ತಿರುಚಿದರು. ಓಣಿಯ ಮಣ್ಣಿಗೆ ನೀರು ಬಿತ್ತು. ಮಗಳು ಬಿಕ್ಕುತ್ತಿದ್ದಳು. ದೊಡ್ಡಕ್ಕನ ಕಣ್ಣೂ ತುಂಬಿ ಎದುರಿನ ಮುಖ ಕಾಣುತ್ತಿರಲಿಲ್ಲ, ಬಟ್ಟೆಯ ಬಿಗಿಯಿಂದಷ್ಟೇ ಮಗಳು ಆ ತುದಿಯಲ್ಲಿದ್ದಾಳೆ ಎಂದು ಗೊತ್ತಾಗುತ್ತಿತ್ತು.

“ಮೂಲೆ ಮನೆ ಅತ್ತೆನೂ ಬರ್ತೀನಿ ಅಂದಿದಾಳೆ” ಎಂದಳು ದೊಡ್ಡಕ್ಕ. “ಹಗ್ಗ ಕಟ್ಟಿಕೊಟ್ಟ ನಿನ್ನ ಚಿಕ್ಕಪ್ಪನೂ. ನಾಳೆ ಗಂಟು ತಗೊಂಡು ಬರ್ತೀವಿ. ನಾಡಿದ್ದೂ ಬರ್ತೀವಿ. ಅವರು ಕೇಳಿದ್ರೆ ನಾವ್ಯಾರೂ ಗೊತ್ತಿಲ್ಲ ಅನ್ನು. ಜೋರಾಗಿ ಊದು ಮಗಾ. ಕೂಸಿಗೆ ಊಟ ಹಾಕಬೇಕಲ್ಲ.”

ಮಗಳು ಇನ್ನೊಂದು ಸುತ್ತು ತಿರುಚಿದಳು.